‘ಚಂಚಲ’ ಎಂದು ಬರೆಯುವ ಮೊದಲು

ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮೇಜಿಗೆ ಸೇರಿ ನನಗೆ ಆರು ತಿಂಗಳೂ ತುಂಬಿರಲಿಲ್ಲ. ಮಳೆಗಾಲ, ರಾತ್ರಿ ಪಾಳಿ. ಮುಖಂಡರೊಬ್ಬರು ಮೂರನೇ ಸಲ ಪಕ್ಷ ಬದಲಿಸಿದ ಸುದ್ದಿ ಹತ್ತೂವರೆಗೆ ಬಂತು. ಎರಡು ಕಾಲಂ ಜಾಗ, ಚಿಕ್ಕ ತಲೆಬರಹ ಬೇಕು. ಕಾಲೇಜಿನಲ್ಲಿ ಸಂಸ್ಕೃತ ಓದಿದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ; ‘ಮುಖಂಡರ ಚಪಲ: ಮತ್ತೊಂದು ಪಕ್ಷಕ್ಕೆ’ ಎಂದು ಕೂರಿಸಿ ಮನೆಗೆ ಹೋದೆ. ಚಪಲ ಅಂದರೆ ನಿಂತಲ್ಲಿ ನಿಲ್ಲದ್ದು. ಅಷ್ಟೇ ನನ್ನ ಲೆಕ್ಕ.

ಬೆಳಿಗ್ಗೆ ಏಳಕ್ಕೆ ಸಂಪಾದಕರ ಮನೆಗೆ ಫೋನು. ಮುಖಂಡರದ್ದಲ್ಲ, ಅವರ ಹೆಂಡತಿಯದ್ದು. “ನಮ್ಮವರಿಗೆ ಎಂಥ ಚಪಲ ಮಾರಾಯ್ರೆ? ಹಾಲು ತರುವವನಿಂದ ಹಿಡಿದು ಎಲ್ಲರೂ ಕೇಳ್ತಿದ್ದಾರೆ.” ಸಂಪಾದಕರು ನನ್ನನ್ನು ಬೈಯಲಿಲ್ಲ. ಪುಟವನ್ನು ಮುಂದಿಟ್ಟು, “ಅರ್ಥ ಸರಿ ಇದೆ, ಊರು ತಪ್ಪಿದೆ” ಅಂದರು. ಸಂಸ್ಕೃತದ ಹಳೆಯ ಶಬ್ದಕೋಶವಾದ ಅಮರಕೋಶದ ಅರ್ಥವನ್ನು ನಾನು ಮಂಗಳೂರಿನ ನಡುಪೇಟೆ ಹಂಪನಕಟ್ಟೆಗೆ ತಂದು ಬಿಟ್ಟಿದ್ದೆ.

ಆ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಈ ಕುಟುಂಬದ ಶಬ್ದಗಳು ಕೈಗೆ ಬಂದಾಗಲೆಲ್ಲ ನಾನು ಕೆಲವು ಪ್ರಶ್ನೆಗಳನ್ನು ಕೇಳಿಕೊಂಡೇ ಮುಂದೆ ಹೋಗುತ್ತೇನೆ. ಚಂಚಲ, ಚಪಲ, ಅಸ್ಥಿರ, ಹೊಯ್ದಾಟ, ಗೋಸುಂಬೆ, ಎಲ್ಲವೂ ‘ಬದಲಾಗುವುದು’ ಎಂಬ ಒಂದೇ ಬೀದಿಯ ಮನೆಗಳು. ಆದರೆ ಬಾಗಿಲು ತಪ್ಪಿ ಬಡಿದರೆ ನೀವು ಹೊರಿಸಬೇಕೆಂದಿರದ ಆರೋಪವೊಂದು ಯಾರದೋ ತಲೆಯ ಮೇಲೆ ಕೂರುತ್ತದೆ. ವರದಿ ಬರೆಯುವವರಿಗೆ, ಶಾಲೆಯ ಪ್ರಗತಿಪತ್ರ ತುಂಬಿಸುವ ಅಧ್ಯಾಪಕರಿಗೆ, ಅನುವಾದ ಮಾಡುವವರಿಗೆ, ಮದುವೆ ಸಂಬಂಧದ ಬಗ್ಗೆ ವಿಚಾರಿಸಿ ಪತ್ರ ಬರೆಯುವ ಮಾವಂದಿರಿಗೂ ಆ ಪ್ರಶ್ನೆಗಳು ಉಪಯೋಗಕ್ಕೆ ಬರಬಹುದು.

ಮೊದಲ ಹೆಜ್ಜೆ: ಅಲುಗುತ್ತಿರುವುದು ಯಾವುದು?

ಚಂಚಲ ಹುಟ್ಟಿದ್ದು ಸಂಸ್ಕೃತದ ‘ಚಲ್’ ಧಾತುವಿನಿಂದ. ಚಲ್ ಅಂದರೆ ಅಲುಗು, ನಡೆ. ಅದೇ ಧಾತುವಿನ ಸದ್ದನ್ನು ಎರಡು ಸಲ ಹೇಳಿದ ಹಾಗೆ ಚಂ-ಚಲ: ಒಮ್ಮೆ ಅಲುಗಿ ಸುಮ್ಮನಾಗುವುದಲ್ಲ, ಅಲುಗುತ್ತಲೇ ಇರುವುದು. ಶಬ್ದದ ಒಡಲಲ್ಲೇ ಆ ಪುನರಾವರ್ತನೆ ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಒಬ್ಬ ಹುಡುಗ ವಿಜ್ಞಾನ ಬಿಟ್ಟು ಕಾಮರ್ಸ್‌ಗೆ ಸೇರಿದರೆ ಅವನು ಮನಸ್ಸು ಬದಲಿಸಿದ, ಅಷ್ಟೇ. ಕಾಮರ್ಸ್‌ನಿಂದ ಹೋಟೆಲ್ ಮ್ಯಾನೇಜ್‌ಮೆಂಟಿಗೆ, ಅಲ್ಲಿಂದ ದುಬೈಗೆ, ದುಬೈಯಿಂದ ಆರೇ ತಿಂಗಳಲ್ಲಿ ವಾಪಸು ಬಂದು ಕೋಳಿ ಫಾರ್ಮಿಗೆ ಅಂತಾದರೆ ಮಾತ್ರ ಚಂಚಲದ ಪ್ರಶ್ನೆ ಬರುವುದು.

ಈಗ ನೋಡಿ, ಅಲುಗುವುದು ಮನಸ್ಸಾದರೆ, ಚಿತ್ತವಾದರೆ, ಕಣ್ಣಾದರೆ ಚಂಚಲ ಸರಿಯಾಗಿ ಕೂರುತ್ತದೆ. ಸರಕಾರವಾದರೆ ‘ಅಸ್ಥಿರ’. ಚಂಚಲ ಸರಕಾರ ಎಂದರೆ ಮಂತ್ರಿಗಳೆಲ್ಲ ಬೆಂಚಿನ ಮೇಲೆ ಕೂರಲಾಗದ ಮಕ್ಕಳ ಹಾಗೆ ಕಾಣುತ್ತಾರೆ. ಪೆಟ್ರೋಲಿನಂತಹ ದ್ರವವಾದರೆ ಪಠ್ಯಪುಸ್ತಕದ ಮಾತು ‘ಬಾಷ್ಪಶೀಲ’. ಗಣಿತದಲ್ಲಿ ಬೆಲೆ ಬದಲಾಗುವ ಅಕ್ಷರ ‘ಚರಾಕ್ಷರ’. ಷೇರುಪೇಟೆಯ ಪುಟದವರು ‘ಚಂಚಲ ವಹಿವಾಟು’ ಎಂದು ಬರೆಯುವುದುಂಟು. ಪೇಟೆಗೂ ಒಂದು ಮನಸ್ಸಿದೆ ಎಂದು ಒಪ್ಪಿಕೊಂಡ ಹಾಗೆ ಅದು, ತಪ್ಪೇನಲ್ಲ. ಬರೀ ಬೆಲೆ ಮೇಲೆ ಕೆಳಗೆ ಆಗುತ್ತಿದ್ದರೆ ‘ಏರಿಳಿತ’ ಸಾಕು.

ಬೆಲೆಯ ಮಾತು ಬಂದದ್ದರಿಂದ ಒಂದು ತಮಾಷೆ. ಯೋಗಶಾಸ್ತ್ರದ ಎಂಟು ಅಂಗಗಳಲ್ಲಿ ಆರನೆಯದು ಧಾರಣೆ, ಅಂದರೆ ಅಲೆಯುವ ಮನಸ್ಸನ್ನು ಒಂದೆಡೆ ಕಟ್ಟಿ ನಿಲ್ಲಿಸುವುದು. ಪುತ್ತೂರಿನ ಅಡಿಕೆ ಬೆಳೆಗಾರನಿಗೆ ‘ಇವತ್ತಿನ ಧಾರಣೆ ಎಷ್ಟು’ ಎಂದರೆ ಮಾರುಕಟ್ಟೆ ದರ. ಎಂದೂ ನಿಲ್ಲದ ವಸ್ತುವಿಗೆ ನಿಲ್ಲಿಸುವ ಕ್ರಿಯೆಯ ಹೆಸರು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಈ ನಿಲ್ಲದ ಧಾರಣೆಯನ್ನು ತುಸುವಾದರೂ ನಿಲ್ಲಿಸುವ ಆಸೆಯಿಂದ.

ಎರಡನೇ ಹೆಜ್ಜೆ: ಚಪಲವನ್ನು ಬೇರೆ ಡಬ್ಬಿಯಲ್ಲಿಡಿ

ನಾನು ಬಿದ್ದ ಗುಂಡಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸಂಸ್ಕೃತದಲ್ಲಿ ಚಂಚಲ, ಚಪಲ ಅವಳಿಗಳು. ಅಮರಕೋಶ ಮಿಂಚಿನ ಹೆಸರುಗಳನ್ನು ಪಟ್ಟಿ ಮಾಡುತ್ತ ಕೊನೆಗೆ ‘ವಿದ್ಯುಚ್ಚಂಚಲಾ ಚಪಲಾ ಅಪಿ’ ಎಂದು ಇವೆರಡನ್ನೂ ಪಕ್ಕಪಕ್ಕದಲ್ಲೇ ಕೂರಿಸುತ್ತದೆ. ಭಜಗೋವಿಂದಂ ಸ್ತೋತ್ರದಲ್ಲಿ ತಾವರೆ ಎಲೆಯ ಮೇಲಿನ ಹನಿಯ ಹಾಗೆ ಬದುಕು ‘ಅತಿಶಯಚಪಲಂ’ ಅನ್ನುವಾಗಲೂ ಅರ್ಥ ಅದೇ: ಈಗ ಇದೆ, ಈಗ ಜಾರಿತು.

ಕನ್ನಡಕ್ಕೆ ಬಂದ ಮೇಲೆ ಅವಳಿಗಳು ಬೇರೆ ಬೇರೆ ಮನೆಗೆ ದತ್ತು ಹೋದವು. ಚಂಚಲ ತನ್ನ ಹಳೆಯ ಅರ್ಥವನ್ನು ಕಾಪಾಡಿಕೊಂಡಿತು. ಚಪಲ ನಾಲಿಗೆಗೆ ಇಳಿಯಿತು, ಅಲ್ಲಿಂದ ಇನ್ನೂ ಕೆಳಗೆ ಇಳಿಯಿತು. ಬಾಯಿಚಪಲ, ತಿನ್ನುವ ಚಪಲ, ಭಾಷಣದ ಚಪಲ, ಫೋಟೋದಲ್ಲಿ ಕಾಣಿಸಿಕೊಳ್ಳುವ ಚಪಲ, ಕೊನೆಗೆ ‘ಚಪಲಚೆನ್ನಿಗರಾಯ’. ಆ ಕೊನೆಯವನಿಂದಾಗಿಯೇ ಮುಖಂಡರ ಹೆಂಡತಿ ಫೋನು ಮಾಡಿದ್ದು.

ನಮ್ಮ ಹಿತ್ತಿಲಲ್ಲಿ ತಾವರೆ ಇಲ್ಲ, ಕೆಸು ಇದೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಹನಿ ಬೆಳ್ಳಿಗುಂಡಿನ ಹಾಗೆ ಉರುಳಾಡುತ್ತದೆ. ಅದು ಸಂಸ್ಕೃತದ ಚಪಲ. ಅದೇ ಎಲೆಗೆ ಅರೆದ ಅಕ್ಕಿಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಅದು ಹುಟ್ಟಿಸುವುದು ಕನ್ನಡದ ಚಪಲ.

ಗೊಂದಲವಾದಾಗ ನಾನು ಮಾಡುವ ಪರೀಕ್ಷೆ ಸುಲಭದ್ದು. ವಾಕ್ಯದಲ್ಲಿ ‘ನನಗೆ’, ‘ಅವನಿಗೆ’ ಎಂದು ಹಾಕಿ ನೋಡಿ. “ಸಂಜೆ ನಾಲ್ಕಾದರೆ ನನಗೆ ಗೋಳಿಬಜೆಯ ಚಪಲ” ಸಲೀಸಾಗಿ ಬರುತ್ತದೆ. “ನನಗೆ ಗೋಳಿಬಜೆಯ ಚಂಚಲ” ಬಾಯಲ್ಲೇ ನಿಲ್ಲುವುದಿಲ್ಲ. ಚಪಲಕ್ಕೆ ಒಂದು ಗುರಿ ಇರುತ್ತದೆ, ಇಂಥದ್ದರ ಚಪಲ ಎಂದು. ಚಂಚಲಕ್ಕೆ ಗುರಿಯೇ ಇಲ್ಲ, ಗುರಿ ಇಲ್ಲದಿರುವುದೇ ಅದರ ಗುಣ. ಇನ್ನೊಂದು ಪರೀಕ್ಷೆ ‘ತೀರಿಸಿಕೊಳ್ಳು’. ಚಪಲ ತೀರಿಸಿಕೊಳ್ಳಬಹುದು, ಉಡುಪಿಯ ರಥಬೀದಿಗೆ ಹೋಗಿ ಒಂದು ಗಡ್‌ಬಡ್ ಐಸ್‌ಕ್ರೀಂ ತಿಂದರೆ ಆಯಿತು. ಚಾಂಚಲ್ಯ ತೀರಿಸಿಕೊಳ್ಳುವ ಅಂಗಡಿ ಎಲ್ಲಿಯೂ ಇಲ್ಲ.

ಹಳೆಗನ್ನಡ ಕಾವ್ಯ, ದೇವರ ಸ್ತೋತ್ರ, ಯಕ್ಷಗಾನದ ಪದ್ಯ ಇಂಥ ಕಡೆ ಚಪಲ ಎದುರಾದರೆ ಹಳೆಯ ಅರ್ಥವನ್ನೇ ಮೊದಲು ಹಚ್ಚಿ ನೋಡಿ. ಇವತ್ತಿನ ಗದ್ಯದಲ್ಲಿ ಬರೆಯುವಾಗ ಮಾತ್ರ ಆಸೆ, ಹಪಾಹಪಿ ಇದ್ದಲ್ಲಿಗೆ ಚಪಲವನ್ನು ಮೀಸಲಿಡಿ.

ಒಂದು ಸಣ್ಣ ವ್ಯಾಕರಣ

ಚಂಚಲ ವಿಶೇಷಣ. ಅದರ ಭಾವನಾಮ ಮಾಡಲು ಎರಡು ದಾರಿ: ‘ತೆ’ ಹಚ್ಚಿ ಚಂಚಲತೆ, ಇಲ್ಲವೇ ಮೊದಲ ಸ್ವರ ಹಿಗ್ಗಿಸಿ ‘ಯ’ ಹಚ್ಚಿ ಚಾಂಚಲ್ಯ. ಸುಂದರ-ಸೌಂದರ್ಯ, ಸ್ಥಿರ-ಸ್ಥೈರ್ಯ ಆದ ಹಾಗೆ. ಎರಡನ್ನೂ ಒಟ್ಟಿಗೆ ಹಚ್ಚಿ ‘ಚಾಂಚಲ್ಯತೆ’ ಎಂದು ಬರೆಯುವುದು ಮುಂಡಿನ ಮೇಲೆ ಮುಂಡು ಉಟ್ಟ ಹಾಗೆ. ಸೌಂದರ್ಯತೆ, ವೈಶಿಷ್ಟ್ಯತೆಗಳೂ ಅದೇ ಜಾತಿಯವು. ಸುದ್ದಿಗೆ, ಮಾತಿಗೆ ಚಂಚಲತೆ ಹಗುರ. ಪ್ರವಚನಕ್ಕೆ, ಪ್ರಬಂಧಕ್ಕೆ ಚಾಂಚಲ್ಯ ಒಪ್ಪುತ್ತದೆ. ‘ವಿಚಲಿತ’ವನ್ನು ಇದರೊಳಗೆ ಬೆರೆಸಬೇಡಿ. ವಿಚಲಿತನಾದವನು ಏನೋ ಒಂದು ಪೆಟ್ಟಿಗೆ ಅಲುಗಿದವನು, ಪೆಟ್ಟು ಬೀಳುವ ಮೊದಲು ಅವನು ಗಟ್ಟಿಯಾಗಿಯೇ ಇದ್ದ.

ಮೂರನೇ ಹೆಜ್ಜೆ: ಪಂಚಾಂಗ ಹಾಕಬಹುದೇ?

ಬದಲಾಗುವುದೆಲ್ಲ ಚಂಚಲವಲ್ಲ ಎಂಬುದನ್ನು ನನಗೆ ತಿಳಿಸಿದ್ದು ಬೆಂಗ್ರೆಯ ಒಬ್ಬ ದೋಣಿಯವರು. ವರದಿಯೊಂದಕ್ಕಾಗಿ ಅವರ ಜೊತೆ ನೀರಿಗಿಳಿದಿದ್ದೆ. ಶೈಲಿ ಮಾಡುವ ಉತ್ಸಾಹದಲ್ಲಿ, “ಸಮುದ್ರ ಬಹಳ ಚಂಚಲ ಅಲ್ವಾ?” ಅಂದೆ. ಅವರು ನಕ್ಕರು. “ಸಮುದ್ರ ಎಂಥ ಚಂಚಲ? ಭರತ ಇಷ್ಟು ಗಂಟೆಗೆ, ಇಳಿತ ಇಷ್ಟು ಗಂಟೆಗೆ. ನಾಳೆದು ಬೇಕಾದ್ರೂ ಹೇಳ್ತೇನೆ.”

ಅವರು ಹೇಳಿದ್ದು ಸರಿ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚಂದ್ರನ ಲೆಕ್ಕಕ್ಕೆ ಕಟ್ಟುಬಿದ್ದ ನೀರು ಅದು. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರ ತನಕ, 61 ದಿನ, ದಡದಲ್ಲಿ ನಿಲ್ಲುವುದೂ ಹಾಗೆಯೇ, ತಾರೀಕಿನ ಪ್ರಕಾರ. ಇದು ಬದಲಾವಣೆ, ಆವರ್ತನೆ, ಏರಿಳಿತ. ಚಂಚಲ ಅಲ್ಲ.

ಆಮೇಲೆ ಅವರೇ ಅಳಿವೆಯ ಕಡೆ ಕೈ ತೋರಿಸಿದರು. ನೇತ್ರಾವತಿ, ಗುರುಪುರ ಹೊಳೆಗಳೆರಡೂ ಕಡಲು ಸೇರುವ ಜಾಗ. ಹೊಳೆ ಹೊತ್ತು ತಂದ ಮರಳು ಅಲ್ಲಿ ದಿಬ್ಬವಾಗಿ ಕೂರುತ್ತದೆ, ಮಳೆಗಾಲ ಕಳೆದಾಗ ಬೇರೆಲ್ಲೋ ಇರುತ್ತದೆ. ಹಿಂದಿನ ಸಲ ದೋಣಿ ಹೋದ ದಾರಿಯಲ್ಲೇ ಈ ಸಲ ತಳ ತಾಗುತ್ತದೆ. “ನಂಬಲಿಕ್ಕೆ ಆಗದ್ದು ಅದು,” ಅಂದರು. ಚಂಚಲ ಎಂಬ ಶಬ್ದವನ್ನು ಅವರು ಬಳಸಲಿಲ್ಲ. ಆದರೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ: ನಾಳೆಯದನ್ನು ಇವತ್ತು ಹೇಳಲಿಕ್ಕೆ ಆಗದ ಬದಲಾವಣೆ.

ಹಾಗಾಗಿ ಬರೆಯುವ ಮುಂಚೆ ಕೇಳಿಕೊಳ್ಳಿ, ಇದಕ್ಕೊಂದು ಪಂಚಾಂಗ ಹಾಕಬಹುದೇ? ಆಗುತ್ತದೆ ಎಂದಾದರೆ ಚಂಚಲ ಬೇಡ. ಪ್ರತಿ ಸೋಮವಾರ ವಾಕಿಂಗ್ ಶುರು ಮಾಡಿ ಪ್ರತಿ ಬುಧವಾರ ಬಿಡುವ ನನ್ನ ಗೆಳೆಯನೊಬ್ಬನಿದ್ದಾನೆ. ಅಷ್ಟು ಕ್ರಮಬದ್ಧವಾಗಿ ಬಿಡುವವನನ್ನು ಚಂಚಲ ಎನ್ನುವುದು ಹೇಗೆ?

ನಾಲ್ಕನೇ ಹೆಜ್ಜೆ: ತಿಳಿದೋ, ತಿಳಿಯದೆಯೋ?

ಮನುಷ್ಯರ ಬಗ್ಗೆ ಬರೆಯುವಾಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಚಂಚಲ ಮನಸ್ಸಿನವನು ಬದಲಾಗುವುದು ತನಗೇ ತಡೆಯಲಾಗದೆ. ಅದರಲ್ಲಿ ಲಾಭದ ಲೆಕ್ಕ ಇರುವುದಿಲ್ಲ, ಎಷ್ಟೋ ಸಲ ನಷ್ಟವೇ. ಗೋಸುಂಬೆ, ಊಸರವಳ್ಳಿ ಎಂದು ಕರೆಸಿಕೊಳ್ಳುವವನು ಎದುರಿನವರನ್ನು ನೋಡಿ ಬಣ್ಣ ಬದಲಿಸುತ್ತಾನೆ, ಲೆಕ್ಕ ಹಾಕಿಯೇ ಬದಲಿಸುತ್ತಾನೆ. (ಪಾಪ, ನಿಜವಾದ ಗೋಸುಂಬೆ ಹೆಚ್ಚಾಗಿ ಬಣ್ಣ ಬದಲಿಸುವುದು ಬಿಸಿಲು, ಚಳಿ, ಸಿಟ್ಟು, ಸಂಗಾತಿಯ ಹುಡುಕಾಟ ಇಂಥವಕ್ಕೆ. ಮನುಷ್ಯನ ಬುದ್ಧಿಯನ್ನು ನಾವು ಅದರ ಮೇಲೆ ಹೊರಿಸಿದ್ದೇವೆ.) ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಮಾತಾಡುವವನು ಬದಲಾಗುವುದೇ ಇಲ್ಲ, ಯಾವ ಕಡೆಗೂ ಪೂರ್ತಿ ಬೆಳಕು ಬೀಳದ ಹಾಗೆ ಮೊದಲೇ ನೋಡಿಕೊಂಡಿರುತ್ತಾನೆ. ಎರಡು ದೋಣಿಗೆ ಕಾಲಿಟ್ಟವನದ್ದು ಆಸೆ. ‘ಗಾಳಿ ಬಂದಾಗ ತೂರಿಕೋ’ ಅನ್ನುವುದಂತೂ ಬೈಗುಳವೇ ಅಲ್ಲ, ಹೊತ್ತು ನೋಡಿ ಕೆಲಸ ಮಾಡು ಎಂಬ ರೈತನ ಬುದ್ಧಿವಾದ. ಅದನ್ನು ಪಕ್ಷಾಂತರಿಗಳ ಸುದ್ದಿಗೆ ಅಂಟಿಸುವವರನ್ನು ಕಂಡರೆ ನನಗೆ ಕೈ ತುರಿಸುತ್ತದೆ.

ಇನ್ನು ಹೊಯ್ದಾಟ, ತೊಳಲಾಟ, ಡೋಲಾಯಮಾನ. ಈ ಸ್ಥಿತಿಯಲ್ಲಿ ಇರುವವನು ಇನ್ನೂ ನಿರ್ಧಾರವನ್ನೇ ಮಾಡಿಲ್ಲ. ಎರಡು ಕಡೆಯ ಎಳೆತಕ್ಕೆ ಸಿಕ್ಕಿ ನೋಯುತ್ತಿದ್ದಾನೆ. ತಾಯಿಯ ಆಸ್ಪತ್ರೆ ಖರ್ಚಿಗೆ ತೋಟ ಮಾರಬೇಕೋ ಬೇಡವೋ ಎಂದು ವಾರಗಟ್ಟಲೆ ನಿದ್ದೆಗೆಟ್ಟವನನ್ನು ಚಂಚಲ ಎಂದರೆ ಅದು ಅನ್ಯಾಯ.

ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವ ಅಭ್ಯಾಸ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ವಿಭೀಷಣನನ್ನು ತೆಗೆದುಕೊಳ್ಳಿ. ಅಣ್ಣನನ್ನು ಬಿಟ್ಟು ಎದುರು ಪಾಳೆಯಕ್ಕೆ ಹೋದವ. ರಾವಣನ ಅರ್ಥ ಹೇಳುವವರು ಅವನನ್ನು ಕುಲದ್ರೋಹಿ ಎಂದು ಜರೆಯುತ್ತಾರೆ, ರಾಮನ ಕಡೆಯವರು ಶರಣಾಗತ ಎಂದು ಎತ್ತಿ ಹಿಡಿಯುತ್ತಾರೆ, ಇಡೀ ರಾತ್ರಿ ಅದರ ಮೇಲೆ ವಾದ ನಡೆಯುತ್ತದೆ. ಆದರೆ ಎಷ್ಟು ಆಟ, ಕೂಟ ಕೇಳಿದರೂ ವಿಭೀಷಣ ಚಂಚಲ ಎಂದು ಯಾರೂ ಅಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ಅವನು ಯೋಚಿಸಿ ಹೋದವ, ಹೋದ ಮೇಲೆ ತಿರುಗಿ ಬರಲಿಲ್ಲ. ಒಂದೇ ಸಲ ದಾಟಿದ ಗಡಿ ಅದು. ಅವನನ್ನು ಬೈಯಬಹುದು, ಹೊಗಳಬಹುದು. ಅಲುಗಾಡುವವ ಅನ್ನಲಿಕ್ಕೆ ಆಗುವುದಿಲ್ಲ.

ಸುದ್ದಿಮನೆಯವರಿಗೆ ಒಂದು ಕಿವಿಮಾತು. ‘ಪಕ್ಷಾಂತರಿ’ ಎಂಬುದು ಸಂಗತಿ, ‘ಚಂಚಲ’ ಎಂಬುದು ಅಭಿಪ್ರಾಯ, ‘ಗೋಸುಂಬೆ’ ಎಂಬುದು ಆರೋಪ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದಾಗಲೂ ಕಾನೂನು ಕೇಳಿದ್ದು ಶಾಸಕ ಪಕ್ಷ ಬಿಟ್ಟನೇ, ಪಕ್ಷದ ಸಚೇತಕಾಜ್ಞೆ (ವಿಪ್) ಮೀರಿ ಮತ ಹಾಕಿದನೇ ಎಂದು. ಅವನ ಮನಸ್ಸು ಎಂಥದ್ದು ಎಂದು ಕೇಳಲಿಲ್ಲ. ವರದಿಯೂ ಅಷ್ಟಕ್ಕೇ ನಿಂತರೆ ಒಳ್ಳೆಯದು. ಚಂಚಲ, ಗೋಸುಂಬೆಗಳನ್ನು ಅಂಕಣಕ್ಕೆ ಬಿಡಿ, ಅಲ್ಲಿ ಬರೆದವರ ಹೆಸರು ಕೆಳಗೆ ಇರುತ್ತದೆ.

ಐದನೇ ಹೆಜ್ಜೆ: ಮನಸ್ಸಿಗೆ ಹಚ್ಚಿ, ಮನುಷ್ಯನಿಗಲ್ಲ

ನನ್ನ ಅಕ್ಕನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಪ್ರಗತಿಪತ್ರದಲ್ಲಿ ಒಂದೇ ಒಂದು ಸಾಲು ಇತ್ತು: ‘ಚಂಚಲ ಸ್ವಭಾವ’. ಅಕ್ಕ ರಾತ್ರಿ ಫೋನು ಮಾಡಿ, “ಇದೆಂಥ ರೋಗವಾ ತಮ್ಮಾ? ಡಾಕ್ಟ್ರಿಗೆ ತೋರಿಸಬೇಕಾ?” ಎಂದು ಕೇಳಿದಳು. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಮಗುವನ್ನು ಕಿಟಕಿ ಪಕ್ಕ ಕೂರಿಸಿದ್ದರು, ಕಿಟಕಿಯ ಹೊರಗೆ ಹಲಸಿನ ಮರದಲ್ಲಿ ಮಂಗಗಳು. ಎಂಟು ವರ್ಷದ ಯಾವ ಮಗು ಹಲಗೆ ನೋಡುತ್ತದೆ ಹೇಳಿ!

‘ಸ್ವಭಾವ’ ಎಂಬ ಶಬ್ದ ಪಕ್ಕಕ್ಕೆ ಬಂದು ಕೂತರೆ ಚಂಚಲ ಒಂದು ಮುದ್ರೆಯಾಗುತ್ತದೆ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಕೃಷ್ಣನಿಗೆ ಹೇಳುವ ಮಾತನ್ನು ಗಮನಿಸಿ: ‘ಚಂಚಲಂ ಹಿ ಮನಃ ಕೃಷ್ಣ’. ಮನಸ್ಸು ಚಂಚಲ, ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಅನ್ನುತ್ತಾನೆ. ತಾನು ಚಂಚಲ ಅನ್ನುವುದಿಲ್ಲ. ಕೃಷ್ಣನೂ ಹೌದಪ್ಪ, ಸಂಶಯವೇ ಇಲ್ಲ ಎಂದು ಒಪ್ಪಿಕೊಂಡು, ಅಭ್ಯಾಸದಿಂದ, ವೈರಾಗ್ಯದಿಂದ ಹಿಡಿಯಬಹುದು ಎಂದು ದಾರಿ ಹೇಳುತ್ತಾನೆ. ಮನಸ್ಸಿಗೆ ಹಚ್ಚಿದ್ದಕ್ಕೆ ದಾರಿಯೂ ಇತ್ತು. ‘ನೀನು ಚಂಚಲ’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಅಧ್ಯಾಪಕರು ‘ಗಮನ ಬೇರೆ ಕಡೆ ಹೋಗುತ್ತದೆ, ಎದುರು ಬೆಂಚಿನಲ್ಲಿ ಕೂರಿಸಿ ನೋಡುತ್ತಿದ್ದೇವೆ’ ಎಂದು ಬರೆದರೆ ಎರಡು ಸಾಲು ಜಾಸ್ತಿ ಬೇಕಾಗುತ್ತದೆ, ಒಬ್ಬ ತಾಯಿಗೆ ನಿದ್ದೆ ಬರುತ್ತದೆ. ಮದುವೆ ಸಂಬಂಧದ ಪತ್ರಕ್ಕೆ ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತೇನೆ: ಹುಡುಗ ಮೂರು ವರ್ಷದಲ್ಲಿ ನಾಲ್ಕು ಕೆಲಸ ಬದಲಿಸಿದ್ದರೆ ಹಾಗೆಂದೇ ಬರೆಯಿರಿ. ನಾಲ್ಕೂ ಕಂಪೆನಿ ಮುಚ್ಚಿರಲೂಬಹುದು.

ಮುಖಕ್ಕೆ ಮುಖ ಮಾತಾಡುವಾಗ

ಬರವಣಿಗೆ ಬಿಟ್ಟು ಮಾತಿಗೆ ಬಂದರೆ ನಮ್ಮ ಕಡೆ ಚಂಚಲ ಎಂಬ ಶಬ್ದ ಬಾಯಿಗೆ ಬರುವುದೇ ಅಪರೂಪ. ಭಟ್ಟರ ಪ್ರವಚನದಲ್ಲಿ ಬರುತ್ತದೆ, ಜೋಯಿಸರು ಜಾತಕ ನೋಡಿ ಹೇಳುವಾಗ ಬರುತ್ತದೆ. ಅವರಲ್ಲಿ ರಾಶಿಗಳೇ ಚರ, ಸ್ಥಿರ, ದ್ವಿಸ್ವಭಾವ ಎಂದು ಮೂರು ಬಗೆ. ಗೃಹಪ್ರವೇಶಕ್ಕೆ ಸ್ಥಿರಲಗ್ನವನ್ನೇ ಹುಡುಕುತ್ತಾರೆ. ಉಳಿದಂತೆ ಬಸ್‌ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಮದುವೆ ಊಟದ ಹಂತಿಯಲ್ಲಿ ಕೇಳುವುದು, “ಅವ್ರದ್ದು ಒಮ್ಮೆ ಹೀಗೆ, ಒಮ್ಮೆ ಹಾಗೆ ಮಾರಾಯ್ರೆ.” ಸ್ವಲ್ಪ ಸಿಟ್ಟಿದ್ದರೆ ಗಳಿಗೆಗೊಂದು ಮಾತು, ಕ್ಷಣ ಚಿತ್ತ ಕ್ಷಣ ಪಿತ್ತ. ಹಿರಿಯರ ಬಗ್ಗೆಯಾದರೆ ‘ಅವರ ಮನಸ್ಸು ಸ್ವಲ್ಪ ಆಚೀಚೆ’ ಎಂದು ದನಿ ತಗ್ಗುತ್ತದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ನಿಘಂಟಿಲ್ಲ’. ದಕ್ಷಿಣ ಕನ್ನಡದ ಹವ್ಯಕರ ಮನೆಯಲ್ಲಿ ಮದುವೆ ನಿಘಂಟಾಯಿತು ಎಂದರೆ ಮಾತುಕತೆ ಮುಗಿದು ಗಟ್ಟಿಯಾಯಿತು ಎಂದರ್ಥ. ತುಳುವಿನಲ್ಲೂ ನಿಗಂಟು ಅಂದರೆ ಖಚಿತ. ‘ಅವನು ಬರುವುದು ನಿಘಂಟಿಲ್ಲ’ ಎಂದರೆ ಬಂದರೂ ಬಂದ, ಇಲ್ಲದಿದ್ದರೆ ಇಲ್ಲ. ಶಬ್ದಕೋಶದ ಹೆಸರೇ ಖಚಿತತೆಯ ಹೆಸರೂ ಆಗಿರುವ ಊರಿನಲ್ಲಿ ಕೂತು ನಾನು ಶಬ್ದದ ಅರ್ಥ ಬರೆಯುತ್ತಿದ್ದೇನೆ. ಬೆಂಗಳೂರಿನ ಓದುಗರಿಗೆ ಬರೆಯುವಾಗ ಮಾತ್ರ ಇದನ್ನು ಬಳಸಬೇಡಿ. ‘ಮುಖ್ಯಮಂತ್ರಿ ಭೇಟಿ ನಿಘಂಟಿಲ್ಲ’ ಎಂದು ನಾನೊಮ್ಮೆ ಕಳಿಸಿದ ಸುದ್ದಿಗೆ ಅಲ್ಲಿಂದ ಬಂದ ಪ್ರಶ್ನೆ, ‘ಯಾವ ನಿಘಂಟು ಬಿಡುಗಡೆ?’

ಹೊಗಳಿಕೆಯಾದಾಗ

ಚಂಚಲ ಯಾವಾಗಲೂ ಬೈಗುಳವೆಂದು ತಿಳಿದರೆ ಯಕ್ಷಗಾನದ ಶೃಂಗಾರ ಪದ್ಯಗಳು ಅರ್ಥವಾಗುವುದಿಲ್ಲ. ಚಂಚಲಾಕ್ಷಿ ಎಂದು ಭಾಗವತರು ರಾಗ ಎಳೆದರೆ ಅದು ನಾಯಕಿಯ ಕಣ್ಣಿಗೆ ಸಲ್ಲಿಸಿದ ಮೆಚ್ಚುಗೆ: ಮೀನಿನ ಹಾಗೆ ಮಿಂಚಿ ಓಡುವ ಕಣ್ಣು. ಅಲುಗದ ಕಣ್ಣು ಸುಂದರವೆಂದು ಯಾವ 
ಕವಿ ಹೇಳಿದ್ದಾನೆ? ಅಶ್ವತ್ಥಕ್ಕೆ ಅಮರಕೋಶ ಕೊಡುವ ಹೆಸರುಗಳಲ್ಲಿ ಒಂದು ‘ಚಲದಲ’, ಅಲುಗುವ ಎಲೆಯದ್ದು ಎಂದು. ಗಾಳಿಯೇ ಇಲ್ಲದ ಮಧ್ಯಾಹ್ನವೂ ಕಟ್ಟೆಯ ಮೇಲೆ ಕೂತರೆ ಎಲೆಗಳು ಅಲುಗುವುದು ಕಾಣುತ್ತದೆ, ಉದ್ದನೆಯ ತೊಟ್ಟಿನ ಕಾರಣ. ಅದಕ್ಕೆ ಯಾರೂ ಅಶ್ವತ್ಥವನ್ನು ಬೈದಿಲ್ಲ, ಸುತ್ತು ಬರುತ್ತಾರೆ.

ಲಕ್ಷ್ಮಿಯ ಕಥೆ ಬೇರೆ. ಅವಳನ್ನು ಚಂಚಲೆ ಅನ್ನುವುದರಲ್ಲಿ ಭಕ್ತಿಯೂ ಇದೆ, ಭಯವೂ ಇದೆ. ದೀಪಾವಳಿಯ ಅಂಗಡಿಪೂಜೆಯಲ್ಲಿ ಸ್ಥಿರವಾಗಿ ನಿಲ್ಲು ತಾಯಿ ಎಂದು ಕೈಮುಗಿಯುವುದು ಅದಕ್ಕೇ. ಚಂಚಲೆಯನ್ನು ಕಟ್ಟಿಹಾಕಲು ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಮಾಡಿದಷ್ಟು ಪ್ರಯತ್ನವನ್ನು ಬೇರೆ ಯಾರೂ ಮಾಡಿರಲಿಕ್ಕಿಲ್ಲ: 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್, ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಪಾಸ್‌ಬುಕ್ಕಿನ ಬಣ್ಣ ಬದಲಾದಾಗ ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿದ್ದು, “ಲಕ್ಷ್ಮಿ ಅಲ್ಲೇ ಇದ್ದಾಳೆ, ಬ್ಯಾಂಕೇ ಹೋಯ್ತಲ್ಲ.”

ವಿರುದ್ಧಪದ ಹುಡುಕುವಾಗ ಜಾರಬೇಡಿ

ಚಂಚಲಕ್ಕೆ ಎದುರು ನಿಶ್ಚಲ, ಅಚಲ, ಸ್ಥಿರ, ದೃಢ. ನೀರಿಗೆ, ದೀಪದ ಕುಡಿಗೆ, ಧ್ಯಾನದ ಮನಸ್ಸಿಗೆ ನಿಶ್ಚಲ, ನಂಬಿಕೆಗೆ ಅಚಲ, ನಿರ್ಧಾರಕ್ಕೆ ದೃಢ. ‘ನಿಶ್ಚಲ ನಿರ್ಧಾರ’ ಎಂದರೆ ನಿರ್ಧಾರ ಕೊಳೆಯುತ್ತ ಬಿದ್ದಿದೆ ಎನಿಸುತ್ತದೆ.

ಜಾರುವುದು ‘ಚಲ’ದಲ್ಲಿ. ಸಂಸ್ಕೃತದ ಚಲ ಅಲುಗುವಂಥದ್ದು. ಹಳೆಗನ್ನಡದ ಚಲ ಅದಕ್ಕೆ ತಲೆಕೆಳಗು: ಬಿಡದ ಹಟ. ಪಂಪ 941ರ ಸುಮಾರಿಗೆ ‘ಚಲದೊಳ್ ದುರ್ಯೋಧನಂ’ ಎಂದಾಗ ದುರ್ಯೋಧನ ಅಲುಗಾಡುತ್ತಿದ್ದ ಎಂದಲ್ಲ, ಯಾರು ಹೇಳಿದರೂ ಅಲುಗಲಿಲ್ಲ ಎಂದು. ಬಸವಣ್ಣನವರ ‘ಛಲಬೇಕು ಶರಣಂಗೆ’ ಎಂಬಲ್ಲಿಯೂ ಅದೇ ಬಿಗಿ. ಸಂಸ್ಕೃತದ ಛಲಕ್ಕೆ ಮೋಸ ಎಂಬ ಇನ್ನೊಂದು ಅರ್ಥವೂ ಇದೆ. ಒಂದೇ ಉಚ್ಚಾರದ ಸುತ್ತ ಅಲುಗುವುದು, ಅಲುಗದ್ದು, ವಂಚಿಸುವುದು. ಹಳೆಯ ಪಠ್ಯ ಓದುವಾಗ ಚಲ ಕಂಡರೆ ಎರಡು ಸಾಲು ಹಿಂದೆ, ಎರಡು ಸಾಲು ಮುಂದೆ ಓದಿಯೇ ಅರ್ಥ ಹಚ್ಚಿ.

ಕೋಶ ತೆರೆಯುವುದು ಯಾವಾಗ?

ಕೊನೆಗೆ. ಮೊದಲು ಬಾಯಲ್ಲಿ ಹೇಳಿ ನೋಡಿ, ಮನೆಯವರಿಗೆ ಓದಿ ಹೇಳಿ, ಆಮೇಲೆ ಕೋಶ. ಕಿಟೆಲ್ಲರ ಕೋಶ 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ, ಹಳೆಯ ಅರ್ಥಗಳಿಗೆ ಇವತ್ತಿಗೂ ಅದೇ ನನ್ನ ಮೊದಲ ಬಾಗಿಲು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲಿ ಕಾವ್ಯಗಳ ಪ್ರಯೋಗಗಳೂ ಜೊತೆಗೆ ಸಿಗುತ್ತವೆ, ಶಬ್ದ ಯಾವ ಕಾಲಕ್ಕೆ ಯಾವ ಕಡೆ ವಾಲಿತು ಎಂಬುದನ್ನು ಅಲ್ಲಿ ನೋಡಬಹುದು. ತುಳುವಿನ ಸಹವಾಸದಲ್ಲಿ ಅರ್ಥ ಬದಲಾಗಿದೆಯೇ ಎಂಬ ಅನುಮಾನ ಬಂದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ತುಳು ನಿಘಂಟಿನ ಆರು ಸಂಪುಟಗಳಿವೆ. ಆದರೆ ಹಾಲು ತರುವವನು ಆ ಶಬ್ದವನ್ನು ಇವತ್ತು ಬೆಳಿಗ್ಗೆ ಹೇಗೆ ಓದುತ್ತಾನೆ ಎಂಬುದನ್ನು ಯಾವ ಕೋಶವೂ ಹೇಳುವುದಿಲ್ಲ. ನನಗಂತೂ ಅದನ್ನು ಹೇಳಿದ್ದು ಒಂದು ಫೋನು.

ಆ ತಲೆಬರಹವನ್ನು ಈಗ ಬರೆಯುವುದಾದರೆ? ‘ಮೂರನೇ ಸಲ ಪಕ್ಷ ಬದಲಿಸಿದ ಮುಖಂಡ’. ಎರಡು ಕಾಲಮ್ಮಿಗೆ ಎರಡಕ್ಷರ ಜಾಸ್ತಿಯಾಗುತ್ತದೆ. ಅಕ್ಷರವನ್ನು ಒಂದು ಪಾಯಿಂಟು ಸಣ್ಣ ಮಾಡಿದರೆ ಹಿಡಿಸುತ್ತದೆ.